ಸರಕಿನ ಪಟ್ಟಿಯಲ್ಲಿಲ್ಲದ ಕಿಚಡಿ

ಎರಡನೆಯ ಮಹಾಯುದ್ಧದ ಜಲಾಂತರ್ಗಾಮಿಗಳು ಹೊತ್ತ ಗುಟ್ಟಿನ ಸರಕನ್ನು ಕುರಿತು ರಾಯಚೂರಿನಲ್ಲಿ ಕೂತು ಬರೆಯುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಕೃಷ್ಣೆ, ತುಂಗಭದ್ರೆ ಬಿಟ್ಟರೆ ನಮಗೆ ಬೇರೆ ದೊಡ್ಡ ನೀರಿಲ್ಲ. ಆದರೆ 1943ರಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ವರ್ಷ ಅದೇ ಸಂಸ್ಥಾನದ ಅಬಿದ್ ಹಸನ್ ಎಂಬವರು ಜಲಾಂತರ್ಗಾಮಿಯಲ್ಲಿ ಅಡಗಿ ಯುರೋಪಿನಿಂದ ಏಷ್ಯಾಕ್ಕೆ ಬಂದರು. ನಾನು ಈ ವಿಷಯದ ಬೆನ್ನು ಹತ್ತಿದ್ದು ಅವರ ಹೆಸರು ಹಿಡಿದು.

1941ರ ಜೂನ್‌ನಲ್ಲಿ ಜರ್ಮನಿ ರಷ್ಯಾದ ಮೇಲೆ ದಂಡೆತ್ತಿ ಹೋದಾಗ ಜಪಾನಿಗೂ ಜರ್ಮನಿಗೂ ಇದ್ದ ರೈಲುದಾರಿ ಕಡಿದುಹೋಯಿತು. ಕಡಲ ಮೇಲಿನ ಹಡಗುಗಳನ್ನು ಮಿತ್ರಪಡೆಗಳು ಬೇಟೆಯಾಡುತ್ತಿದ್ದವು. ಜರ್ಮನಿಗೆ ರಬ್ಬರ್, ತವರ, ಟಂಗ್‌ಸ್ಟನ್, ಕ್ವಿನೈನ್ ಬೇಕಿತ್ತು. ಜಪಾನಿಗೆ ಹೊಸ ಯಂತ್ರಗಳ ನಕಾಶೆಗಳು ಬೇಕಿದ್ದವು. ಉಳಿದ ದಾರಿ ನೀರಿನ ಕೆಳಗಿನದು.

1943ರ ಫೆಬ್ರವರಿಯಲ್ಲಿ ಕೀಲ್ ಬಂದರಿನಿಂದ ಹೊರಟ ಯು-180ರಲ್ಲಿ ಸುಭಾಷ್‌ಚಂದ್ರ ಬೋಸ್ ಇದ್ದರು. ಜೊತೆಗೆ ಬಂದ ಒಬ್ಬನೇ ಒಬ್ಬ ಭಾರತೀಯನೆಂದರೆ ಅಬಿದ್ ಹಸನ್. ಒಳಗೆ ಕಂಬಳಿಯಿಂದ ರೊಟ್ಟಿಯವರೆಗೆ ಎಲ್ಲಕ್ಕೂ ಡೀಸೆಲ್ ವಾಸನೆ. ಉಗ್ರಾಣದಲ್ಲಿ ಅಕ್ಕಿ, ಬೇಳೆ ಕಂಡ ಹಸನ್ ಕಿಚಡಿ ಮಾಡಿದರು. ನೇತಾಜಿ ಅದನ್ನು ಜರ್ಮನ್ ಅಧಿಕಾರಿಗಳಿಗೂ ಹಂಚತೊಡಗಿದಾಗ, ಅಕ್ಕಿ ಎಲ್ಲಿ ಮುಗಿದುಹೋಗುತ್ತದೋ ಎಂಬ ಚಿಂತೆ ಇವರಿಗೆ! ಉಳಿದ ಹೊತ್ತಿನಲ್ಲಿ ಬೋಸ್ ಹೇಳುತ್ತಿದ್ದರು, ಹಸನ್ ಬರೆದುಕೊಳ್ಳುತ್ತಿದ್ದರು.

ಅತ್ತ ಪೆನಾಂಗ್‌ನಿಂದ ಹೊರಟ ಜಪಾನಿನ ಐ-29ರಲ್ಲಿ ಬರ್ಲಿನ್ನಿನ ಜಪಾನಿ ರಾಯಭಾರ ಕಚೇರಿಗಾಗಿ ಸುಮಾರು ಎರಡು ಟನ್ ಚಿನ್ನವಿತ್ತು. ನಮ್ಮ ಜಿಲ್ಲೆಯ ಹಟ್ಟಿ ಗಣಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಇಡೀ ವರ್ಷ ಅಗೆದರೂ ಅಷ್ಟು ಸಿಗುತ್ತಿಲ್ಲ. ಏಪ್ರಿಲ್ ಕೊನೆಗೆ ಮಡಗಾಸ್ಕರ್ ಬಳಿ ಎರಡೂ ಸೇರಿದಾಗ ಕಡಲು ಒರಟಾಗಿತ್ತು, ಕಾಯಬೇಕಾಯಿತು. ಕೊನೆಗೆ ಬೋಸ್ ಮತ್ತು ಹಸನ್ ರಬ್ಬರ್ ತೆಪ್ಪದಲ್ಲಿ ತೊಯ್ದು ತೊಪ್ಪೆಯಾಗಿ ಐ-29 ಹತ್ತಿದರು. ಚಿನ್ನವೂ ಇಬ್ಬರು ಜಪಾನಿ ನೌಕಾ ಅಧಿಕಾರಿಗಳೂ ಜರ್ಮನ್ ಹಡಗಿಗೆ ದಾಟಿದರು. ಜಪಾನಿ ಅಡುಗೆಯವರು ಅತಿಥಿಗಳಿಗಾಗಿ ಪೆನಾಂಗ್‌ನಲ್ಲೇ ಭಾರತೀಯ ಮಸಾಲೆ ಕೊಂಡು ತಂದಿದ್ದರಂತೆ. ಗುಟ್ಟಿನ ಸರಕಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ನಂತರದ ಇಂಥ ಯಾನಗಳು ಅಷ್ಟು ಸುಖವಾಗಿ ಮುಗಿಯಲಿಲ್ಲ. ಐ-52 ಎಂಬ ಇನ್ನೊಂದು ಜಪಾನಿ ಜಲಾಂತರ್ಗಾಮಿ 146 ಚಿನ್ನದ ಗಟ್ಟಿಗಳನ್ನು, ಜೊತೆಗೆ ತವರ, ರಬ್ಬರ್, ಅಫೀಮು ಹೊತ್ತು 1944ರ ಜೂನ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಜಪಾನಿನ ಗುಪ್ತ ಸಂದೇಶಗಳನ್ನು ಬಿಡಿಸಿ ಓದಿದ್ದ ಅಮೆರಿಕನ್ನರಿಗೆ ಅದರ ದಾರಿ ಮೊದಲೇ ಗೊತ್ತಿತ್ತು. ಒಂದು ತಿಂಗಳ ನಂತರ, ಬೋಸರನ್ನು ಹತ್ತಿಸಿಕೊಂಡಿದ್ದ ಐ-29ಕ್ಕೂ ಫಿಲಿಪೈನ್ಸ್ ಬಳಿ ಅದೇ ಗತಿಯಾಯಿತು. ಊರಿನವರಿಗೆ, ಹೆಂಡತಿ ಮಕ್ಕಳಿಗೆ ಗುಟ್ಟಾಗಿದ್ದದ್ದು ಶತ್ರುವಿನ ಮೇಜಿನ ಮೇಲೆ ಕಾಗದವಾಗಿ ಬಿದ್ದಿತ್ತು. ಐ-52ರ ಅವಶೇಷ 1995ರಲ್ಲಿ ಐದು ಸಾವಿರ ಮೀಟರಿಗೂ ಹೆಚ್ಚು ಆಳದಲ್ಲಿ ಸಿಕ್ಕಿತು. ಹುಡುಕಿದವರು ಹೋದದ್ದು ಚಿನ್ನಕ್ಕಾಗಿ. ಅಲ್ಲಿ ಸತ್ತವರು ನೂರಕ್ಕೂ ಹೆಚ್ಚು.

ಮಡಗಾಸ್ಕರ್ ಬಳಿ ಜರ್ಮನ್ ಹಡಗಿಗೆ ದಾಟಿದ ಅಧಿಕಾರಿಗಳಲ್ಲಿ ಒಬ್ಬರು ತೊಮೊನಾಗಾ ಹಿದಿಯೊ. ಎರಡು ವರ್ಷದ ನಂತರ ಅವರು ಯು-234ರಲ್ಲಿ ಊರಿನ ದಾರಿ ಹಿಡಿದರು. ಅದರಲ್ಲಿ 560 ಕಿಲೊ ಯುರೇನಿಯಂ ಆಕ್ಸೈಡ್ ಇತ್ತು. ನಡುಗಡಲಿನಲ್ಲಿದ್ದಾಗ ಜರ್ಮನಿ ಸೋತಿತು, ನಾಯಕ ಅಮೆರಿಕಕ್ಕೆ ಶರಣಾಗಲು ನಿರ್ಧರಿಸಿದ. ತೊಮೊನಾಗಾ ಮತ್ತು ಜೊತೆಗಿದ್ದ ಇನ್ನೊಬ್ಬ ಜಪಾನಿ ಅಧಿಕಾರಿ ನಿದ್ರೆಮಾತ್ರೆ ನುಂಗಿ ಪ್ರಾಣ ಬಿಟ್ಟರು. ಹೆಣಗಳನ್ನು ಕಡಲಿಗೆ ಒಪ್ಪಿಸಲಾಯಿತು. ಆ ಯುರೇನಿಯಂ ಏನಾಯಿತೆಂದು ಪುಸ್ತಕಗಳ ಮೇಲೆ ಪುಸ್ತಕ ಬಂದಿವೆ, ಆ ಇಬ್ಬರ ಪಾಲಿಗೆ ಒಂದೆರಡು ಸಾಲು.

ಇನ್ನು ನಮ್ಮ ಸಂಸ್ಥಾನ. ನಿಜಾಮರು ಬ್ರಿಟಿಷರ ಯುದ್ಧಕ್ಕೆ ಕೈತುಂಬ ಹಣ ಕೊಟ್ಟವರು. ಬ್ರಿಟಿಷ್ ವಾಯುಪಡೆಯಲ್ಲಿ ಹೈದರಾಬಾದ್ ಹೆಸರಿನ ಸ್ಕ್ವಾಡ್ರನ್‌ಗಳೇ ಇದ್ದವು. ಆ ಹಣದಲ್ಲಿ ದೇವದುರ್ಗ, ಮಾನ್ವಿಯ ರೈತರ ಕಂದಾಯವೂ ಸೇರಿರಬೇಕು ಎಂದು ನನ್ನ ಊಹೆ. ಅದೇ ನೆಲದ ಅಬಿದ್ ಹಸನ್ ಆಜಾದ್ ಹಿಂದ್ ಫೌಜಿನ ಜೊತೆ ಇಂಫಾಲದ ರಣರಂಗಕ್ಕೂ ಹೋದರು. ಬದುಕಿ ಬಂದು ಸ್ವತಂತ್ರ ಭಾರತದ ರಾಯಭಾರಿಯಾಗಿ ದುಡಿದು 1984ರಲ್ಲಿ ತೀರಿಕೊಂಡರು. ರಾಯಚೂರಿನಲ್ಲಿ ಸೆಪ್ಟೆಂಬರ್ 17ಕ್ಕೆ ಬಾವುಟ ಏರಿಸಿ ನಾವು ಕೂಗುವ ‘ಜೈ ಹಿಂದ್’ ರೂಪಿಸಿದವರು ಅವರೇ ಎಂಬ ಮಾತು ಪ್ರಚಲಿತವಾಗಿದೆ. ಡೀಸೆಲ್ ವಾಸನೆಯ ರೊಟ್ಟಿಯನ್ನೂ ಕಿಚಡಿಯನ್ನೂ ನೆನೆದು ಹೇಳಿದವರೂ ಅವರೇ. ಯು-180ರ ಸರಕಿನ ಪಟ್ಟಿ ಓದುವವರಿಗೆ ಅವು ಸಿಗುವುದಿಲ್ಲ.