ಅಹಿಂಸೆಯೂ ದಂಗೆಯೂ: ಅಮೆರಿಕದ ಕರಿಯರ ಹೋರಾಟದೊಳಗಿನ ಭಿನ್ನಮತಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಕರಿಯ ಜನರು 1955ರಿಂದ 1968ರವರೆಗೆ ನಡೆಸಿದ ಹಕ್ಕುಗಳ ಹೋರಾಟವನ್ನು ಕುರಿತು ಭಾರತದಲ್ಲಿ ಪ್ರಚಾರದಲ್ಲಿರುವ ಚಿತ್ರವು ತೀರ ಸರಳವಾದುದು. ಒಂದು ಕಡೆ ಗಾಂಧೀಜಿಯ ಮಾರ್ಗದಲ್ಲಿ ನಡೆದ ಮಾರ್ಟಿನ್ ಲೂಥರ್ ಕಿಂಗರು. ಇನ್ನೊಂದು ಕಡೆ ಅಹಿಂಸೆಯನ್ನು ಹೀಯಾಳಿಸಿದ ಮಾಲ್ಕಂ ಎಕ್ಸ್. ಇವರಿಬ್ಬರ ನಡುವೆ ಆಯ್ಕೆ ಮಾಡಿಕೊಳ್ಳಬೇಕಾಗಿದ್ದ ಒಂದು ಜನಾಂಗ. ಈ ಚಿತ್ರವು ಸುಳ್ಳೆಂದು ಹೇಳುವಂತಿಲ್ಲ. ಆದರೆ ಆ ಕಾಲದ ಪತ್ರಗಳನ್ನೂ ಭಾಷಣಗಳನ್ನೂ ಆಯೋಗಗಳ ವರದಿಗಳನ್ನೂ ನೋಡಿದವರಿಗೆ ಭಿನ್ನಮತಗಳು ಎರಡಲ್ಲ, ಹತ್ತಾರು ಎಂಬುದು ತಿಳಿಯುತ್ತದೆ. ಒಬ್ಬನೇ ಮನುಷ್ಯನು ಬೆಳಗ್ಗೆ ಒಂದು ಪಕ್ಷದಲ್ಲಿಯೂ ಸಂಜೆ ಇನ್ನೊಂದರಲ್ಲಿಯೂ ಇದ್ದುದುಂಟು.

ಮೊದಲ ತೊಡಕು ಹೆಸರಿನದು. 1830-31ರಲ್ಲಿ ಮೈಸೂರು ಸೀಮೆಯ ರೈತರು ಎದ್ದುದನ್ನು ಕನ್ನಡಿಗರು ‘ನಗರದ ದಂಗೆ’ ಎಂದೇ ಕರೆಯುತ್ತಾರೆ. ಆ ಮಾತಿನಲ್ಲಿ ತಿರಸ್ಕಾರವೇನೂ ಇಲ್ಲ. 1857ರದು ಸಿಪಾಯಿ ದಂಗೆಯೋ ಸ್ವಾತಂತ್ರ್ಯ ಸಂಗ್ರಾಮವೋ ಎಂಬ ಜಗಳವಾದರೋ ಇನ್ನೂ ಮುಗಿದಿಲ್ಲ. ಡೆಟ್ರಾಯಿಟ್ ನಗರದಲ್ಲಿ 1967ರಲ್ಲಿ ನಡೆದುದನ್ನು ಕೆಲವರು ದೊಂಬಿಯೆನ್ನುತ್ತಾರೆ, ಕೆಲವರು ಬಂಡಾಯವೆನ್ನುತ್ತಾರೆ. ಯಾವ ಹೆಸರನ್ನು ಬಳಸಿದರೂ ತೀರ್ಪಿನ ಅರ್ಧಭಾಗವನ್ನು ಮುಂಚೆಯೇ ಕೊಟ್ಟಂತಾಗುತ್ತದೆ.

1955ರ ಡಿಸೆಂಬರ್ 1ರಂದು ಮಾಂಟ್‌ಗೊಮೆರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ತಮ್ಮ ಆಸನವನ್ನು ಬಿಟ್ಟುಕೊಡಲಿಲ್ಲ. ಅಲ್ಲಿಂದ ಮೊದಲಾದ ಬಸ್ ಬಹಿಷ್ಕಾರವು 381 ದಿನ ನಡೆಯಿತು. ಈ ಸುದ್ದಿಯನ್ನು ನಾಗಪುರದ ವೃತ್ತಪತ್ರಿಕೆಯೊಂದರಲ್ಲಿ ಓದಿ ಹಿಗ್ಗಿದ ಒಬ್ಬ ಕರಿಯ ತರುಣನಿದ್ದನು. ಜೇಮ್ಸ್ ಲಾಸನ್ ಎಂಬ ಆತನು ಕೊರಿಯಾ ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಲೊಲ್ಲದೆ ಸೆರೆಮನೆಯನ್ನು ಕಂಡು, 1953ರಿಂದ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧೀಜಿಯ ವಿಚಾರಗಳನ್ನು ಅಭ್ಯಾಸ ಮಾಡುತ್ತಿದ್ದವನು. 1956ರಲ್ಲಿ ಆತನು ಸ್ವದೇಶಕ್ಕೆ ಮರಳಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ನಾಗಪುರದಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಆ ಊರು ಕಲಿಸಬಹುದಾಗಿದ್ದ ಪಾಠವು ಒಂದೇ ಆಗಿರಲಿಲ್ಲ.

ಲಾಸನ್ನರು ನ್ಯಾಶ್‌ವಿಲ್ ನಗರದಲ್ಲಿ ವಿದ್ಯಾರ್ಥಿಗಳಿಗೆ ನಡೆಸಿದ ಶಿಬಿರಗಳು ಉಪದೇಶದ ಸಭೆಗಳಾಗಿರಲಿಲ್ಲ. ಒಬ್ಬನು ಬಿಳಿಯನ ಪಾತ್ರವನ್ನು ವಹಿಸಿ ಬಯ್ಯುವುದು, ತಳ್ಳುವುದು. ಮತ್ತೊಬ್ಬನು ಪ್ರತಿಯಾಗಿ ಕೈಯೆತ್ತದೆ, ತಲೆಗೆ ಪೆಟ್ಟಾಗದಂತೆ ಮೈಯನ್ನು ಮುದುಡಿಕೊಂಡು ಸಹಿಸುವುದು. ಇದನ್ನು ವಾರಗಟ್ಟಲೆ ಅಭ್ಯಾಸ ಮಾಡಿಸಿದರು. 1960ರ ಫೆಬ್ರವರಿಯಲ್ಲಿ ಆ ವಿದ್ಯಾರ್ಥಿಗಳು ಅಂಗಡಿಗಳ ಊಟದ ಕಟ್ಟೆಗಳಲ್ಲಿ ಕುಳಿತರು; ಮೇ ತಿಂಗಳಲ್ಲಿ ಆ ಕಟ್ಟೆಗಳು ಕರಿಯರಿಗೆ ತೆರೆದುವು. ಡಯಾನ್ ನ್ಯಾಶ್, ಜಾನ್ ಲೂಯಿಸ್, ಜೇಮ್ಸ್ ಬೆವೆಲ್ ಮೊದಲಾದ ಮುಂದಿನ ನಾಯಕರು ಈ ಶಿಬಿರಗಳಿಂದಲೇ ಬಂದವರು. ಲಾಸನ್ನರನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವು ಹೊರಹಾಕಿತು.

ಇಷ್ಟು ಶಿಸ್ತಿನ ಸತ್ಯಾಗ್ರಹಕ್ಕೂ ಕರಿಯರಲ್ಲಿಯೇ ಎಲ್ಲರ ಒಪ್ಪಿಗೆಯಿರಲಿಲ್ಲ. ಎನ್.ಎ.ಎ.ಸಿ.ಪಿ. ಸಂಘದ ನ್ಯಾಯವಾದಿಗಳು ಬೀದಿಯನ್ನು ಅಷ್ಟಾಗಿ ನಂಬಿದವರಲ್ಲ. ಮಾಂಟ್‌ಗೊಮೆರಿಯ ಜಯವನ್ನು ತಂದುದು 1956ರ ನವೆಂಬರ್ 13ರ ಸರ್ವೋಚ್ಚ ನ್ಯಾಯಾಲಯದ ತೀರ್ಪೇ ಹೊರತು ಜನರು ಸವೆಸಿದ ಪಾದರಕ್ಷೆಗಳಲ್ಲ ಎಂಬುದು ಆ ಪಕ್ಷದವರ ವಾದದ ತಿರುಳು. ಕರಿಯರ ಅತಿ ದೊಡ್ಡ ಧರ್ಮಸಂಸ್ಥೆಯಾದ ರಾಷ್ಟ್ರೀಯ ಬ್ಯಾಪ್ಟಿಸ್ಟ್ ಸಮ್ಮೇಳನಕ್ಕೆ 1953ರಿಂದ 1982ರವರೆಗೆ ಅಧ್ಯಕ್ಷರಾಗಿದ್ದ ಜೋಸೆಫ್ ಎಚ್. ಜಾಕ್ಸನ್ನರಂತೂ ಕಾನೂನನ್ನು ಮುರಿಯುವ ಹೋರಾಟವನ್ನು ಕೊನೆಯವರೆಗೂ ವಿರೋಧಿಸಿದರು. ಕಿಂಗರ ಮರಣಾನಂತರ ಶಿಕಾಗೋದಲ್ಲಿ ಜಾಕ್ಸನ್ನರ ಚರ್ಚು ಇದ್ದ ರಸ್ತೆಗೆ ಕಿಂಗರ ಹೆಸರನ್ನಿಟ್ಟಾಗ, ಅವರು ಚರ್ಚಿನ ವಿಳಾಸವನ್ನೇ ಪಕ್ಕದ ಬೀದಿಗೆ ಬದಲಾಯಿಸಿದರು! ಇಂಥವರನ್ನು ಬಿಳಿಯರ ಬಾಲಬಡುಕರೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಹಿಂದೆ ಲಕ್ಷಾಂತರ ಶ್ರದ್ಧಾವಂತರಿದ್ದರು. ದುಡಿದು, ಓದಿ, ಆಸ್ತಿ ಮಾಡಿ ಮೇಲೇರಬೇಕೆಂಬುದು ಅವರ ನಿಜವಾದ ನಂಬಿಕೆಯಾಗಿದ್ದಿತು.

ಬಿಳಿಯರು ಬಹುಸಂಖ್ಯಾತರಾಗಿದ್ದ ಸಾರ್ವಜನಿಕರ ಅಭಿಪ್ರಾಯದ ಅಂಕಿಗಳು ಇನ್ನೂ ಕುತೂಹಲಕರವಾಗಿವೆ. 1961ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇಕಡ 61 ಮಂದಿ ಸ್ವಾತಂತ್ರ್ಯಯಾತ್ರಿಕರ ಬಸ್ ಪ್ರಯಾಣವನ್ನು ಒಪ್ಪಲಿಲ್ಲ. ಇಂದು ಎಲ್ಲರೂ ಹೊಗಳುವ 1963ರ ವಾಷಿಂಗ್ಟನ್ ಯಾತ್ರೆಯ ವಿಷಯದಲ್ಲಿಯೂ, ಅದು ನಡೆಯುವ ಮುನ್ನ, ಅದನ್ನು ಬಲ್ಲವರಲ್ಲಿ ಶೇಕಡ 60ರಷ್ಟು ಮಂದಿ ಪ್ರತಿಕೂಲರಾಗಿದ್ದರು. 1966ರಲ್ಲಿ ಕಿಂಗರನ್ನು ಮೆಚ್ಚದವರು ಶೇಕಡ 63. ಶಾಂತವಾದ ಹೋರಾಟವನ್ನು ಸಮಾಜವು ಮೆಚ್ಚುತ್ತದೆ, ಹಿಂಸೆಯನ್ನು ಮಾತ್ರ ಖಂಡಿಸುತ್ತದೆ ಎಂಬ ಮಾತಿಗೆ ಈ ಅಂಕಿಗಳಲ್ಲಿ ಆಧಾರ ದೊರೆಯುವುದಿಲ್ಲ. ಮೆಚ್ಚುಗೆ ಬಂದುದು ಗೆಲುವು ಬಂದ ಎಷ್ಟೋ ವರ್ಷಗಳ ಮೇಲೆ.

ಅಹಿಂಸೆಯೆಂಬುದು ಸಹ ಒಂದೇ ವಸ್ತುವಾಗಿರಲಿಲ್ಲ. 1956ರ ಜನವರಿಯಲ್ಲಿ ಮನೆಯ ಮೇಲೆ ಬಾಂಬು ಬಿದ್ದಾಗ ಕಿಂಗರು ಪಿಸ್ತೂಲಿನ ಪರವಾನಗಿಗಾಗಿ ಅರ್ಜಿ ಹಾಕಿದ್ದರು, ಅದನ್ನು ಕೊಡಲಿಲ್ಲ. ಭಾರತವನ್ನು ಕಂಡುಬಂದಿದ್ದ ಬೇಯಾರ್ಡ್ ರಸ್ಟಿನ್ನರು ಅಲ್ಲಿಗೆ ಹೋದಾಗ ಆ ಮನೆಯಲ್ಲಿ ಬಂದೂಕುಗಳಿದ್ದುವು. ಅಹಿಂಸೆಯು ಕಿಂಗರಿಗೆ ಹುಟ್ಟಿನಿಂದ ಬಂದುದಲ್ಲ, ಕಲಿತುದು. 1959ರಲ್ಲಿ ಅವರು ಭಾರತದಲ್ಲಿ ಸಂಚರಿಸಿ ಮದರಾಸು, ಬೆಂಗಳೂರು, ಮುಂಬಯಿಗಳನ್ನೂ ಕಂಡರು. ತಿರುವನಂತಪುರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ತಮ್ಮನ್ನು ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದಾಗ ಮೊದಲು ಕಸಿವಿಸಿಯಾಗಿ, ಆಮೇಲೆ ಅದು ನಿಜವೆಂದು ಹೊಳೆದುದಾಗಿ ಅವರು 1965ರ ಪ್ರವಚನವೊಂದರಲ್ಲಿ ಹೇಳಿಕೊಂಡಿದ್ದಾರೆ. ಲೂಸಿಯಾನದ ‘ರಕ್ಷಣೆಯ ಡೀಕನ್’ರಾದರೋ 1964ರಿಂದ ಬಂದೂಕು ಹಿಡಿದು ಸತ್ಯಾಗ್ರಹಿಗಳಿಗೆ ಕಾವಲಿದ್ದರು. 1966ರಲ್ಲಿ ಮಿಸಿಸಿಪ್ಪಿಯ ಯಾತ್ರೆಯಲ್ಲಿ ಕಿಂಗರೂ ಡೀಕನ್ನರೂ ಒಂದೇ ದಾರಿಯಲ್ಲಿ ನಡೆದರು. ಆತ್ಮರಕ್ಷಣೆಯ ಬಂದೂಕೂ ಅಂಗಡಿಗೆ ಬೆಂಕಿಯಿಡುವ ಕೈಯೂ ಒಂದೇ ಅಲ್ಲವೆಂಬುದು ದಕ್ಷಿಣದ ಹಳ್ಳಿಗನಿಗೆ ತಿಳಿದಿದ್ದಿತು. ಪತ್ರಿಕೆಗಳವರಿಗೆ ಅನೇಕವೇಳೆ ತಿಳಿಯಲಿಲ್ಲ.

ಬರ್ಮಿಂಗ್‌ಹ್ಯಾಮ್ ನಗರದ ಪ್ರಕರಣವು ಈ ವಾದದ ಗಂಟು. 1963ರ ಏಪ್ರಿಲಿನಲ್ಲಿ ಕಿಂಗರು ಸೆರೆಯಾದಾಗ ಅಲ್ಲಿಯ ಎಂಟು ಮಂದಿ ಬಿಳಿಯ ಧರ್ಮಾಧಿಕಾರಿಗಳು ಹೋರಾಟವು ಅಕಾಲದ್ದು, ಅವಿವೇಕದ್ದು ಎಂದು ಪ್ರಕಟಿಸಿದರು. ಸೆರೆಮನೆಯಿಂದ ಕಿಂಗರು ಬರೆದ ಉತ್ತರವು ಲೋಕಪ್ರಸಿದ್ಧವಾಗಿದೆ. ನ್ಯಾಯವಿಲ್ಲದ ಶಾಂತಿಯನ್ನು ಬಯಸುವ ಸೌಮ್ಯವಾದಿ ಬಿಳಿಯನ ಮೇಲೆ ಅವರು ಮಾಡಿದ ಆಕ್ಷೇಪವನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಪತ್ರದಲ್ಲಿ, ಅಹಿಂಸೆಯ ದಾರಿಯನ್ನು ಮುಚ್ಚಿದರೆ ಜನರ ಕೋಪವು ಬೇರೆ ದಾರಿಯನ್ನು ಹಿಡಿಯುವುದೆಂಬ ಎಚ್ಚರಿಕೆಯೂ ಇದೆ. ಅದನ್ನು ಉದ್ಧರಿಸುವವರು ವಿರಳ. ಮೇ ತಿಂಗಳಲ್ಲಿ ಶಾಲೆಯ ಮಕ್ಕಳು ಬೀದಿಗಿಳಿದರು. ಪೋಲೀಸರು ನಾಯಿಗಳನ್ನು ಬಿಟ್ಟರು, ಅಗ್ನಿಶಾಮಕ ಕೊಳವೆಗಳಿಂದ ನೀರು ಹೊಡೆಸಿದರು. ಮಕ್ಕಳನ್ನು ಮುಂದೆ ನಿಲ್ಲಿಸಿದುದನ್ನು ಮಾಲ್ಕಂ ಎಕ್ಸ್ ಖಂಡಿಸಿದರು. ರಾಷ್ಟ್ರಾಧ್ಯಕ್ಷರ ತಮ್ಮ, ನ್ಯಾಯಾಂಗ ಸಚಿವ ರಾಬರ್ಟ್ ಕೆನೆಡಿಯೂ ಆಕ್ಷೇಪಿಸಿದರು. ಇಷ್ಟು ದೂರದ ಎರಡು ಧ್ರುವಗಳು ಒಂದೇ ಮಾತಿನಲ್ಲಿ ಕೂಡಿದುದು ವಿಚಿತ್ರವೇ ಸರಿ.

ಮೇ 10ರಂದು ಒಪ್ಪಂದವಾಯಿತು. ಮರುರಾತ್ರಿ ಕಿಂಗರ ತಮ್ಮನ ಮನೆಗೂ, ನಾಯಕರು ತಂಗುತ್ತಿದ್ದ ವಸತಿಗೃಹಕ್ಕೂ ಬಾಂಬು ಇಟ್ಟರು. ಕೆರಳಿದ ಕರಿಯರು ಕಲ್ಲು ತೂರಿ ಬೆಂಕಿಯಿಟ್ಟರು. ಜೂನ್ 11ರಂದು ಕೆನೆಡಿಯವರು ಹಕ್ಕುಗಳ ಮಸೂದೆಯನ್ನು ಸಾರಿದರು. ಸಾರಿಸಿದುದು ಮಕ್ಕಳ ಸಹನೆಯೋ, ಆ ರಾತ್ರಿಯ ಬೆಂಕಿಯೋ? ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನಾಯಿ ಮಕ್ಕಳ ಮೇಲೆ ಹಾರಿದ ಚಿತ್ರವಿಲ್ಲದೆ ಆ ಮಸೂದೆಗೆ ಜನಬೆಂಬಲ ಸಿಗುತ್ತಿರಲಿಲ್ಲ. ದಕ್ಷಿಣದ ನಗರಗಳೆಲ್ಲ ಹೊತ್ತಿಕೊಳ್ಳಬಹುದೆಂಬ ಭಯವಿಲ್ಲದಿದ್ದರೆ ಅದಕ್ಕೆ ಅಷ್ಟು ಅವಸರವೂ ಬರುತ್ತಿರಲಿಲ್ಲ. ಎರಡರಲ್ಲಿ ಒಂದನ್ನು ತೆಗೆದುಹಾಕಿ ಲೆಕ್ಕ ಕೂಡಿಸುವವರು ತಮಗೆ ಬೇಕಾದ ಮೊತ್ತವನ್ನು ಮೊದಲೇ ಬರೆದಿಟ್ಟುಕೊಂಡವರು.

1964ರ ಜುಲೈಯಲ್ಲಿ ಕಾಯಿದೆಗೆ ಸಹಿ ಬಿದ್ದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಹಾರ್ಲೆಂ ಹೊತ್ತಿತು; ಹದಿನೈದು ವರ್ಷದ ಹುಡುಗನೊಬ್ಬನು ಪೋಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದುದು ಅದಕ್ಕೆ ಕಾರಣ. ಚುನಾವಣೆಯವರೆಗೆ ಬಹಿರಂಗ ಪ್ರದರ್ಶನಗಳನ್ನು ನಿಲ್ಲಿಸೋಣವೆಂದು ರಾಯ್ ವಿಲ್ಕಿನ್ಸ್, ವಿಟ್ನಿ ಯಂಗ್, ರ‍್ಯಾಂಡಾಲ್ಫ್, ಕಿಂಗ್ ಇವರು ಕರೆಕೊಟ್ಟರು. ಲೂಯಿಸರೂ ಜೇಮ್ಸ್ ಫಾರ್ಮರರೂ ಸಹಿ ಹಾಕಲಿಲ್ಲ. ಒಬ್ಬರಿಗೆ ಬೀದಿಯ ಬೆಂಕಿಯು ಮತಪೆಟ್ಟಿಗೆಯನ್ನು ಸುಟ್ಟೀತೆಂಬ ಹೆದರಿಕೆ; ಮತ್ತೊಬ್ಬರಿಗೆ ಬೀದಿಯನ್ನು ಬಿಟ್ಟರೆ ಕೈಯಲ್ಲಿ ಏನೂ ಉಳಿಯದೆಂಬ ಹೆದರಿಕೆ.

1965ರ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯಿದೆ. 11ರಂದು ಲಾಸ್ ಏಂಜಲೀಸ್ ನಗರದ ವಾಟ್ಸ್ ಬಡಾವಣೆಯಲ್ಲಿ ದಂಗೆ. ಆರು ದಿನಗಳಲ್ಲಿ 34 ಜನ ಸತ್ತರು. ಸುಮಾರು 4 ಕೋಟಿ ಡಾಲರುಗಳ ನಷ್ಟವಾಯಿತು. ಕಿಂಗರೂ ರಸ್ಟಿನ್ನರೂ ಅಲ್ಲಿಗೆ ಹೋದಾಗ ತರುಣನೊಬ್ಬನು ‘ನಾವು ಗೆದ್ದೆವು’ ಎಂಬರ್ಥದ ಮಾತನ್ನಾಡಿದನಂತೆ. ಮನೆಗಳು ಸುಟ್ಟಿವೆ, ಸತ್ತವರು ನಿಮ್ಮವರೇ, ಇದೆಂಥ ಗೆಲುವು ಎಂದು ಕೇಳಿದಾಗ, ಲೋಕವು ತಮ್ಮ ಕಡೆ ತಿರುಗಿ ನೋಡುವಂತೆ ಮಾಡಿದೆವಲ್ಲ ಎಂಬುದು ಆತನ ಉತ್ತರ. ರಸ್ಟಿನ್ನರು ಇದನ್ನು 1966ರಲ್ಲಿ ಬರೆದರು. ಅವರ ನಿಲುವು ಗಮನಾರ್ಹವಾದುದು. ದಂಗೆಯನ್ನು ಅವರು ಸಮರ್ಥಿಸಲಿಲ್ಲ. ಕಾರ್ಮಿಕ ಸಂಘಗಳೊಡನೆ ಮೈತ್ರಿ ಬೆಳೆಸಿ ರಾಜಕಾರಣದ ಮೂಲಕ ಉದ್ಯೋಗ, ವಸತಿಗಳನ್ನು ಪಡೆಯಬೇಕೆಂಬುದೇ ಅವರ ಸಿದ್ಧಾಂತ. ಆದರೂ ದಂಗೆಯನ್ನು ಬೆರಳೆಣಿಕೆಯ ಪುಂಡರ ಕೆಲಸವೆಂಬಂತೆ ಚಿತ್ರಿಸಿದ ಸರಕಾರಿ ವರದಿಯನ್ನು ಅವರು ತೀವ್ರವಾಗಿ ಖಂಡಿಸಿದರು. ಒಪ್ಪದಿರುವುದು ಬೇರೆ, ಅರ್ಥಮಾಡಿಕೊಳ್ಳದಿರುವುದು ಬೇರೆ ಎಂಬ ವಿವೇಚನೆ ಅಂದಿನ ಗದ್ದಲದಲ್ಲಿ ಅಪರೂಪವಾಗಿದ್ದಿತು. ದಂಗೆಯು ಯಾರೂ ಕಿವಿಗೊಡದವರ ಭಾಷೆಯೆಂದು ಕಿಂಗರು 1966ರಿಂದ ಮತ್ತೆ ಮತ್ತೆ ಹೇಳತೊಡಗಿದರು. ಆದರೆ ಆ ಮಾತನ್ನಾಡುವಾಗಲೆಲ್ಲ ಅಹಿಂಸೆಯಲ್ಲಿ ತಮ್ಮ ನಿಷ್ಠೆಯನ್ನೂ ಜತೆಯಲ್ಲಿಯೇ ಸಾರುತ್ತಿದ್ದರು. ಒಂದು ಪಕ್ಷದವರು ಮೊದಲರ್ಧವನ್ನೂ ಇನ್ನೊಂದು ಪಕ್ಷದವರು ಎರಡನೆಯ ಅರ್ಧವನ್ನೂ ಹಂಚಿಕೊಂಡಿದ್ದಾರೆ.

1966ರ ಜೂನಿನಲ್ಲಿ ಸ್ಟೋಕ್ಲಿ ಕಾರ್ಮೈಕೇಲರು ‘ಕರಿಯರ ಅಧಿಕಾರ’ದ ಘೋಷಣೆಯನ್ನೆತ್ತಿದರು, ಅಕ್ಟೋಬರಿನಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಆ ಹೆಸರನ್ನು 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ತೆಗೆದುಕೊಂಡರು. ಒಂದು ವಿಚಾರ ನಾಗಪುರದಿಂದ ಅತ್ತ ಹೋದರೆ ಇನ್ನೊಂದು ಇತ್ತ ಬಂದಿತು.

1967ರ ಜುಲೈ 23ರಂದು ಡೆಟ್ರಾಯಿಟಿನ ಹನ್ನೆರಡನೆಯ ಬೀದಿಯಲ್ಲಿ ಅಕ್ರಮ ಮದ್ಯದಂಗಡಿಯೊಂದರ ಮೇಲೆ ಪೋಲೀಸರು ದಾಳಿ ಮಾಡಿದರು. ಐದು ದಿನಗಳಲ್ಲಿ 43 ಸಾವು, 7,000ಕ್ಕೂ ಹೆಚ್ಚು ಬಂಧನ. ಕಾಂಗ್ರೆಸ್ ಸದಸ್ಯ ಜಾನ್ ಕಾನ್ಯರ್ಸ್ ಕಾರಿನ ಮೇಲೆ ನಿಂತು ಚದುರಿರೆಂದು ಬೇಡಿಕೊಂಡಾಗ ಗುಂಪು ಅವರನ್ನು ಕೂಗಿ ಕೆಳಗಿಳಿಸಿತು. ರಾಷ್ಟ್ರಾಧ್ಯಕ್ಷ ಜಾನ್ಸನ್ ನೇಮಿಸಿದ ಕರ್ನರ್ ಆಯೋಗವು 1968ರ ಫೆಬ್ರವರಿಯ ಕೊನೆಯಲ್ಲಿ ವರದಿ ಕೊಟ್ಟಿತು. ಒಳಸಂಚಿನ ಕಥೆಯನ್ನು ಅದು ತಳ್ಳಿಹಾಕಿತು. ದೇಶವು ಬಿಳಿಯ, ಕರಿಯ ಎಂಬ ಎರಡು ಅಸಮಾನ ಸಮಾಜಗಳಾಗಿ ಒಡೆಯುತ್ತಿದೆಯೆಂದು ಹೇಳಿತು. ಸೌಮ್ಯವಾದಿ ವಿಲ್ಕಿನ್ಸರೂ ಸದಸ್ಯರಾಗಿದ್ದ ಈ ಆಯೋಗವು ಕಂಡಂತೆ ದಂಗೆಕೋರನು ಹೊರಗಿನಿಂದ ಬಂದ ಅಲೆಮಾರಿಯಲ್ಲ. ಅದೇ ಊರಿನಲ್ಲಿ ಬೆಳೆದು, ದಂಗೆಯಲ್ಲಿ ಸೇರದ ನೆರೆಯವರಿಗಿಂತ ತುಸು ಹೆಚ್ಚು ಓದಿದವನು. ದಂಗೆಯನ್ನು ತಡೆಯಲು ಬೀದಿಗಿಳಿದ ಕರಿಯರನ್ನೂ ಆಯೋಗವು ದಾಖಲಿಸಿತು. ಈ ಜನರನ್ನು ಎರಡು ಪಕ್ಷದ ಚರಿತ್ರಕಾರರೂ ಮರೆತಿದ್ದಾರೆ. ಜಾನ್ಸನ್ನರು ವರದಿಯನ್ನು ಪಕ್ಕಕ್ಕಿಟ್ಟರು.

ಲಾಸನ್ನರು ಆಗ ಮೆಂಫಿಸ್ ನಗರದಲ್ಲಿ ಧರ್ಮಬೋಧಕರಾಗಿದ್ದರು. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತ ಮೇಲೆ 1,300 ಮಂದಿ ಪೌರಕಾರ್ಮಿಕರು ಹೂಡಿದ ಮುಷ್ಕರಕ್ಕೆ ಅವರೇ ಕಿಂಗರನ್ನು ಕರೆಸಿದರು. 1968ರ ಮಾರ್ಚ್ 28ರ ಮೆರವಣಿಗೆಯಲ್ಲಿ ಹಿಂದಿನ ಸಾಲಿನ ಹುಡುಗರು ಅಂಗಡಿಯ ಗಾಜುಗಳನ್ನು ಒಡೆದರು. ನಾಗಪುರದ ಪಾಠವನ್ನು ಅಮೆರಿಕಕ್ಕೆ ಒಯ್ದವನೇ ತನ್ನ ಮೆರವಣಿಗೆಯನ್ನು ಹಿಂದಿರುಗಿಸಬೇಕಾಯಿತು. ಪೋಲೀಸರ ಗುಂಡಿಗೆ ಹದಿನಾರರ ಹುಡುಗನೊಬ್ಬನು ಸತ್ತನು. ಶಾಂತವಾದ ಮೆರವಣಿಗೆ ಸಾಧ್ಯವೆಂದು ತೋರಿಸಲು ಕಿಂಗರು ಮತ್ತೆ ಬಂದರು. ಏಪ್ರಿಲ್ 4ರಂದು ಕೊಲೆಯಾದರು. ನೂರಕ್ಕೂ ಹೆಚ್ಚು ನಗರಗಳು ಹೊತ್ತಿದುವು. ಏಪ್ರಿಲ್ 11ರಂದು ವಸತಿಯಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾಯಿದೆ ಜಾರಿಗೆ ಬಂದಿತು. ಬೆಂಕಿಯ ಫಲವಿದೆಂದು ಹೇಳುವವರಿಗೆ, ಸೆನೆಟ್ ಸಭೆಯು ಅದನ್ನು ಮಾರ್ಚ್ 11ರಂದೇ ಅಂಗೀಕರಿಸಿದ್ದಿತೆಂಬ ಉತ್ತರವಿದೆ. ಪ್ರತಿನಿಧಿ ಸಭೆಯು ಒಪ್ಪಿದುದು ಮಾತ್ರ ಏಪ್ರಿಲ್ 10ರಂದು.

ಇತ್ತೀಚಿನ ವಿದ್ವಾಂಸರು ಅಂಕಿಗಳಿಂದ ಈ ವ್ಯಾಜ್ಯವನ್ನು ತೀರಿಸಲೆಳಸಿದ್ದಾರೆ. ಅಹಿಂಸಾತ್ಮಕ ಪ್ರದರ್ಶನಗಳು ಡೆಮಾಕ್ರಾಟಿಕ್ ಪಕ್ಷದ ಮತಗಳನ್ನು ಹೆಚ್ಚಿಸಿದುವು, ಹಿಂಸಾತ್ಮಕವಾದುವು ತಗ್ಗಿಸಿದುವು, 1968ರ ಚುನಾವಣೆಯ ಫಲವನ್ನೇ ತಿರುಗಿಸಿರಬಹುದು ಎಂದು ಓಮರ್ ವಾಸೊ 2020ರಲ್ಲಿ ವಾದಿಸಿದರು. ದಂಗೆಯಾದ ನಗರಗಳಲ್ಲಿ ಕರಿಯರ ಮನೆಗಳ ಬೆಲೆಯೇ ಕುಸಿಯಿತೆಂದು ಕಾಲಿನ್ಸ್, ಮಾರ್ಗೊ 2007ರಲ್ಲಿ ತೋರಿಸಿದ್ದರು. ಎಲಿಜಬೆತ್ ಹಿಂಟನ್ 2021ರ ಗ್ರಂಥದಲ್ಲಿ ಇವು ಪೋಲೀಸರ ದಬ್ಬಾಳಿಕೆಗೆ ಉತ್ತರವಾಗಿ ಹುಟ್ಟಿದ ಬಂಡಾಯಗಳೆಂದರು. ವಾಸೊ ಕೇಳುವುದು ಫಲವನ್ನು, ಹಿಂಟನ್ ಕೇಳುವುದು ಕಾರಣವನ್ನು. ಆದುದರಿಂದ ಇವರು ಒಬ್ಬರನ್ನೊಬ್ಬರು ಖಂಡಿಸಿದರೆಂದು ಭಾವಿಸುವುದು ಸರಿಯಲ್ಲ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಪೋಲೀಸನ ಮೊಣಕಾಲಿನ ಕೆಳಗೆ ಸತ್ತು, ಅಲ್ಲಿಯ ಪೋಲೀಸ್ ಠಾಣೆಯು ಉರಿದಾಗ, ಈ ಹಳೆಯ ವಾದಗಳೆಲ್ಲ ಹೆಚ್ಚು ಬದಲಾವಣೆಯಿಲ್ಲದೆ ಮತ್ತೆ ಕೇಳಿಬಂದುವು.

ಮಾಂಟ್‌ಗೊಮೆರಿಯಲ್ಲಿ ಉದ್ಯೋಗವನ್ನು ಕಳೆದುಕೊಂಡ ರೋಸಾ ಪಾರ್ಕ್ಸ್ 1957ರಲ್ಲಿಯೇ ಡೆಟ್ರಾಯಿಟಿಗೆ ಬಂದು ನೆಲಸಿದ್ದರು. 1965ರಿಂದ ಕಾನ್ಯರ್ಸರ ಕಚೇರಿಯಲ್ಲಿ ಕೆಲಸದಲ್ಲಿದ್ದರು. ಪಠ್ಯಪುಸ್ತಕಗಳಲ್ಲಿ ಅಹಿಂಸೆಯ ಮೂರ್ತಿಯಾಗಿ ನಿಂತಿರುವ ಈ ಮಹಿಳೆಯು ಮಾಲ್ಕಂ ಎಕ್ಸರನ್ನು ತಮ್ಮ ಆದರ್ಶವೆಂದು ಹೇಳುತ್ತಿದ್ದರು. 1967ರ ದಂಗೆಯಲ್ಲಿ ಅವರ ಪತಿಯ ಕ್ಷೌರದಂಗಡಿಯೇ ಲೂಟಿಯಾಯಿತು. ಲೂಟಿಯನ್ನು ಅವರು ಮೆಚ್ಚಲಿಲ್ಲ. ಹಾಗೆಂದು ಪೋಲೀಸರನ್ನು ಕ್ಷಮಿಸಲೂ ಇಲ್ಲ. ಆ ದಿನಗಳಲ್ಲಿ ಆಲ್ಜಿಯರ್ಸ್ ಮೊಟೆಲಿನಲ್ಲಿ ಮೂವರು ಕರಿಯ ತರುಣರು ಕೊಲೆಯಾದುದನ್ನು ವಿಚಾರಿಸಲು ಊರಿನವರು ಆಗಸ್ಟಿನಲ್ಲಿ ಚರ್ಚೊಂದರಲ್ಲಿ ಕೂಡಿಸಿದ ಜನತಾ ನ್ಯಾಯಮಂಡಲಿಯಲ್ಲಿ ಅವರು ಪಂಚರಲ್ಲೊಬ್ಬರಾಗಿ ಕುಳಿತರು. ಬೆಂಕಿ ಮೊದಲು ಹೊತ್ತಿದ ಆ ಹನ್ನೆರಡನೆಯ ಬೀದಿಗೆ ಡೆಟ್ರಾಯಿಟ್ ನಗರವು 1976ರಲ್ಲಿ ರೋಸಾ ಪಾರ್ಕ್ಸ್ ಹೆಸರನ್ನಿಟ್ಟಿತು.