ಅಕ್ಕಡಿ ಸಾಲಿನ ಊಟ

ಹಳೇ ಮೈಸೂರು ಸೀಮೆಯ ರಾಗಿ ಹೊಲದಲ್ಲಿ ರಾಗಿಯೊಂದನ್ನೇ ಬೆಳೆಯುವುದು ತೀರ ಈಚಿನ ರೂಢಿ. ನನ್ನ ತವರು ನಾಗಮಂಗಲ ತಾಲ್ಲೂಕಿನ ಒಂದು ಒಣಭೂಮಿಯ ಊರು. ಅಲ್ಲಿ ಮುಂಗಾರು ಹದವಾಗಿ ಬಿದ್ದು ಕೂರಿಗೆ ಹೊಲಕ್ಕಿಳಿಯಿತೆಂದರೆ ಮುಂದೆ ರಾಗಿ ಬೀಳುತ್ತಿತ್ತು. ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿದ ಬಿದಿರ ಕೊಳವೆಗೆ ಅವರೆ, ತೊಗರಿ, ಅಲಸಂದೆ ಬೀಜ ಬಿಡುತ್ತಾ ಮನೆಯ ಹೆಂಗಸೊಬ್ಬಳು ನಡೆದುಬರುತ್ತಿದ್ದಳು. ಅಷ್ಟು ಸಾಲು ರಾಗಿಗೆ ಇಷ್ಟು ಎಂದು ಇವುಗಳಿಗೂ ಪಾಲು. ಅದೇ ಅಕ್ಕಡಿ ಸಾಲು. ಹೊಲದ ಅಂಚಿಗೆ ಹುಚ್ಚೆಳ್ಳು, ಏಕೆಂದರೆ ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಬದುವಿನ ಮೇಲೆ ಹರಳು. ನಡುವೆ ಅಲ್ಲಲ್ಲಿ ಜೋಳ, ತೆನೆ ಹಕ್ಕಿಗೂ ಮಕ್ಕಳಿಗೂ, ದಂಟು ದನಕ್ಕೆ.

ಈಗ ಸಕ್ಕರೆ ಕಾಯಿಲೆ ಬಂದವರಿಗೆ, ಮೂಳೆ ಸವೆದವರಿಗೆ, ಬಸುರಿಯರಿಗೆ ಎಲ್ಲರೂ ಹೇಳುವ ಮಾತು ಒಂದೇ: ಊಟದಲ್ಲಿ ರಾಗಿ ಸೇರಿಸಿಕೊಳ್ಳಿ. ಒಳ್ಳೆಯ ಮಾತು, ನಾನೂ ಹೇಳುತ್ತೇನೆ. ಆದರೆ ನಮ್ಮ ಹಿರಿಯರ ಊಟದ ಕಸುವು ರಾಗಿಯೊಂದರಿಂದ ಬಂದದ್ದಲ್ಲ. ರಾಗಿಯ ಜೊತೆ ಹುಟ್ಟಿ, ರಾಗಿಯ ಜೊತೆಗೇ ತಟ್ಟೆಗೆ ಬರುತ್ತಿದ್ದ ಕಾಳು, ಎಣ್ಣೆ, ಸೊಪ್ಪುಗಳಿಂದ ಬಂದದ್ದು. ಆ ಕೂಟ ಹೇಗಿತ್ತು, ಹೇಗೆ ಒಡೆಯಿತು ಎಂಬುದನ್ನು ತಿಳಿಯದೆ ಪೊಟ್ಟಣದ ರಾಗಿಹಿಟ್ಟು ತಂದರೆ ಅರ್ಧ ಊಟವನ್ನಷ್ಟೇ ತಂದ ಹಾಗಾಗುತ್ತದೆ.

ಈ ಬೇಸಾಯ ಎಷ್ಟು ಹಳೆಯದು ಎನ್ನುವುದಕ್ಕೆ ಬರಹದ ಸಾಕ್ಷಿಯೂ ಇದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಊರೂರಿನಲ್ಲಿ ನಿಂತು ಯಾವ ಮಣ್ಣಿಗೆ ಯಾವ ಬೀಜ, ಯಾವ ತಿಂಗಳಿಗೆ ಯಾವ ಕೆಲಸ ಎಂದು ರೈತರನ್ನೇ ಕೇಳಿ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಒಣಭೂಮಿಯ ಬೆಳೆಗಳಲ್ಲೆಲ್ಲ ರಾಗಿಯೇ ಮುಖ್ಯ ಎಂಬ ಮಾತಿದೆ, ರಾಗಿಯ ನಡುವೆ ಅವರೆ ತೊಗರಿ ಸಾಲುಗಳನ್ನು ಕೂರಿಗೆಯಲ್ಲಿ ಬಿತ್ತುವ ಕ್ರಮವೂ ಇದೆ. ಅವನು ನೋಡಿದ್ದನ್ನೇ ನಾನು ಚಿಕ್ಕವಳಾಗಿದ್ದಾಗ ನೋಡಿದ್ದೇನೆ.

ಅದಕ್ಕೂ ಹಿಂದೆ, ಹದಿನಾರನೆಯ ಶತಮಾನದಲ್ಲಿ, ಕನಕದಾಸರು ರಾಮಧಾನ್ಯ ಚರಿತ್ರೆ ಬರೆದರು. ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂಬ ವಾದ ಹುಟ್ಟಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಯನ್ನು ಮನ್ನಿಸಿದ ಕಥೆ ಎಲ್ಲರಿಗೂ ಗೊತ್ತು. ಉಳ್ಳವರ ಧಾನ್ಯವನ್ನೂ ಬಡವರ ಧಾನ್ಯವನ್ನೂ ಒಂದೇ ಸಭೆಯಲ್ಲಿ ನಿಲ್ಲಿಸಿದ ಧೈರ್ಯ ಅದು. ಕಥೆಯ ಕೆಳಗೆ ರೈತನ ಅನುಭವವೂ ಇದೆ. ರಾಗಿಗೆ ಹುಳು ಬೀಳುವುದು ಅಪರೂಪ. ಕಣದ ಪಕ್ಕದಲ್ಲಿ ನೆಲ ಅಗೆದು ಮಾಡಿದ ಹಗೇವಿನಲ್ಲಿ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವು ತೆಗೆದ ದಿನ ಯಾರೂ ಒಳಗೆ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಆಡಿಹೋಗಲಿ ಎಂದು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ಅದು ಆರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಇಳಿಯುತ್ತಿದ್ದರು.

ಹಗೇವು ಇದ್ದೂ ಜನ ಸತ್ತರು ಎಂಬುದನ್ನು ಮರೆಮಾಚಬಾರದು. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಮಳೆ ವರ್ಷದ ಮೇಲೆ ವರ್ಷ ಕೈಕೊಟ್ಟಾಗ ರಾಗಿಯೂ ಬರಲಿಲ್ಲ, ಅಕ್ಕಡಿಯೂ ಬರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಉಳಿದದ್ದು ಸುಮಾರು 42 ಲಕ್ಷ. ಅಕ್ಕಡಿ ಸಾಲು ಒಂದು ಮಳೆ ತಪ್ಪಿದ ವರ್ಷವನ್ನು ದಾಟಿಸಬಲ್ಲದು, ಮಹಾ ಬರವನ್ನಲ್ಲ. ಹಳೆಯ ಕಾಲವೆಲ್ಲ ಹೊಟ್ಟೆ ತುಂಬಿದ ಕಾಲವಾಗಿತ್ತೆಂದು ಹೇಳುವವರ ಜೊತೆ ನಾನಿಲ್ಲ.

ಆದರೆ ಮಳೆ ಅಷ್ಟಿಷ್ಟು ನಡೆದ ವರ್ಷದಲ್ಲಿ ಆ ಹೊಲ ಕೊಡುತ್ತಿದ್ದ ಊಟವನ್ನು ನೋಡಿ. ಬಿತ್ತಿ ಪೈರು ಗೇಣುದ್ದ ಬರುತ್ತಿದ್ದಂತೆ ಹಲುಬೆ ಹೊಡೆದು, ಆಮೇಲೆ ಹೆಂಗಸರು ಸಾಲು ಹಿಡಿದು ಕಳೆ ಕೀಳಲು ಕೂರುತ್ತಿದ್ದರು. ಮೊದಲ ಬೆಳೆ ಆಗಲೇ ಮನೆಗೆ ಬರುತ್ತಿತ್ತು. ಅಣ್ಣೆ ಸೊಪ್ಪು, ಗಣಿಕೆ, ಕನ್ನೆ, ಕೊಮ್ಮೆ, ದೊಡ್ಡಗೋಣಿ, ಮುಳ್ಳರಿವೆಯ ಎಳೆಕುಡಿ, ಜೊತೆಗೆ ಅಲಸಂದೆಯ ಚಿಗುರು. ನನ್ನಜ್ಜಿ ಇವನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದಳು. ನಾನೂ ಕೂತು ಕೀಳಲು ಹೋದರೆ, “ಬೇರು ಸಮೇತ ಕೀಳ್‌ಬ್ಯಾಡ ಕಣವ್ವ, ಕುಡಿ ಚಿವುಟು. ನಾಳೀಕೂ ಬೇಕು” ಎನ್ನುತ್ತಿದ್ದಳು. ಯಾವುದು ಹೊಟ್ಟೆಗೆ ಆಗುತ್ತದೆ, ಯಾವುದು ದನಕ್ಕೆ ಮಾತ್ರ, ಯಾವುದನ್ನು ಹೂ ಬಿಟ್ಟ ಮೇಲೆ ಮುಟ್ಟಬಾರದು ಎಂಬುದೆಲ್ಲ ಅವಳ ಬೆರಳಿಗೆ ಗೊತ್ತಿತ್ತು. ಇದು ಬೆರಕೆ ಸೊಪ್ಪು. ಇಂಥದ್ದೇ ಇಷ್ಟೇ ಎಂಬ ಅಳತೆ ಅದಕ್ಕಿಲ್ಲ. ಅವತ್ತು ಹೊಲ ಏನು ಕೊಟ್ಟಿತೋ ಅದು.

ಸಂಜೆ ಅದು ಬಸ್ಸಾರಾಗುತ್ತಿತ್ತು. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ ಕಟ್ಟು ಬಸಿಯುವುದು. ಬಸಿದ ಕಟ್ಟಿಗೆ ಸುಟ್ಟ ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಮೆಣಸು, ಚೂರು ಹುಣಸೆ, ಹಿಡಿ ಬೆಂದ ಕಾಳು ಸೇರಿಸಿ ಅರೆದು ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಹುಚ್ಚೆಳ್ಳೆಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ಸೊಪ್ಪು ಬೆಂದ ನೀರಿನಲ್ಲಿ ಕರಗಿಳಿದ ಸತ್ವ ಚರಂಡಿಗೆ ಹೋಗದೆ ಸಾರಿನಲ್ಲಿ ತಟ್ಟೆಗೇ ಬರುವ ಅಡುಗೆ ಇದು. ತೆಂಗಿನಕಾಯಿ ಇದ್ದ ದಿನ ಹಾಕುವುದು, ಇಲ್ಲದ ದಿನ ಇಲ್ಲ. ಮುದ್ದೆಯನ್ನು ಆ ಸಾರಿನಲ್ಲಿ ಅದ್ದಿ ನುಂಗಿದರೆ, ಒಂದು ತುತ್ತಿನಲ್ಲಿ ಧಾನ್ಯ, ಕಾಳು, ಸೊಪ್ಪು, ಎಣ್ಣೆ ನಾಲ್ಕೂ ಇರುತ್ತಿದ್ದವು. ನಾಲ್ಕೂ ಒಂದೇ ಹೊಲದವು.

ಇವತ್ತಿನ ಪೌಷ್ಟಿಕ ವಿಜ್ಞಾನ ಇದನ್ನು ಬೇರೆ ದಾರಿಯಲ್ಲಿ ಬಂದು ಒಪ್ಪುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು 10ನ್ನೂ ಮುಟ್ಟುವುದಿಲ್ಲ. ಆದರೆ ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅವರೆ, ತೊಗರಿ, ಹುರುಳಿಯಲ್ಲಿ ಅದು ಹೇರಳವಾಗಿದೆ. ರಾಗಿಯಲ್ಲಿರುವ ಮತ್ತೆ ಕೆಲವು ಅಂಶಗಳು ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತವೆ, ಮೊಳಕೆ ಬರಿಸಿದರೆ ಅವು ತಗ್ಗುತ್ತವೆ. ನಮ್ಮಲ್ಲಿ ಎಳೆಗೂಸಿಗೆ ಕೊಡುವ ಸರಿ ಹಿಟ್ಟಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸುತ್ತಿದ್ದದ್ದು ಇದೇ ಕಾರಣಕ್ಕೆ ಒಳ್ಳೆಯದು. ಪಟ್ಟಿ ಬರುವ ಮೊದಲೇ ತಾಯಂದಿರು ಮಾಡಿಕೊಂಡು ಬಂದದ್ದು.

ನವೆಂಬರ್ ಡಿಸೆಂಬರಿನಲ್ಲಿ ರಾಗಿ ಕುಯ್ದು ಮೆದೆ ಒಟ್ಟಿದ ಮೇಲೂ ಹೊಲ ಖಾಲಿಯಾಗುತ್ತಿರಲಿಲ್ಲ. ರಾಗಿಯ ಮರೆಯಲ್ಲಿ ತಗ್ಗಿಕೊಂಡಿದ್ದ ಅವರೆಗೆ ಬಿಸಿಲು ಬಿದ್ದು, ಚಳಿಯ ಇಬ್ಬನಿಗೆ ಹೂವು ಕಚ್ಚಿ, ಸೊಗಡಿನ ಕಾಯಿ ತುಂಬುತ್ತಿತ್ತು. ಸಂಕ್ರಾಂತಿಯವರೆಗೂ ಹಿತಕಿದ ಬೇಳೆ. ಅದು ಮುಗಿಯುವ ಹೊತ್ತಿಗೆ ತೊಗರಿ. ಹುಚ್ಚೆಳ್ಳಿನ ಹಳದಿ ಹೂವಿಗೆ ಬರುವ ಜೇನು ಪಕ್ಕದ ಸಾಲಿಗೂ ಹೋಗುತ್ತಿತ್ತು. ಕಾಳಿನ ಬೇರು ಮಣ್ಣಿಗೆ ಸಾರಜನಕ ಬಿಟ್ಟು ಮುಂದಿನ ರಾಗಿಗೆ ಗೊಬ್ಬರವಾಗುತ್ತಿತ್ತು.

ಈ ಕೂಟ ಒಡೆದದ್ದು ಹೇಗೆಂದು ಹೇಳಲು ಈಗ ನಾಲೆಯ ಕಥೆಗೆ ಬರುತ್ತೇನೆ, ಏಕೆಂದರೆ ನನ್ನನ್ನು ಕೊಟ್ಟದ್ದು ನಾಲೆಯ ಸೀಮೆಗೆ. 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ ಎರಡು ದಶಕ ನಡೆಯಿತು. ಮೊದಲು ಇರ್ವಿನ್ ನಾಲೆ ಎಂದು ಕರೆದು ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ನಾಲೆ ಮಂಡ್ಯದ ಬಯಲಿಗೆ ನೀರು ತಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆಯಿತು. ರಾಗಿ ಹೊಲಗಳು ಗದ್ದೆಯಾದವು, ಕಬ್ಬಿನ ತಾಕಾದವು. ಆ ನೀರು ಎಷ್ಟೋ ಮನೆಗಳ ಬಡತನ ಕಳೆಯಿತು, ನನ್ನ ಗಂಡನ ಮನೆಯದ್ದೂ ಸೇರಿ. ನಾಲೆ ಬಯಲಿನವರು ಮುದ್ದೆ ಬಿಟ್ಟರೆಂದು ಯಾರೂ ತಿಳಿಯಬಾರದು. ಮಂಡ್ಯದವರು ಮುದ್ದೆ ಬಿಡುವವರಲ್ಲ. ಬಿಟ್ಟದ್ದು ಅಕ್ಕಡಿಯನ್ನು. ರಾಗಿಯನ್ನು ಒಣಸೀಮೆಯಿಂದ ತಂದುಕೊಂಡರು. ಸುಗ್ಗಿ ಮುಗಿದ ಮೇಲೆ ನನ್ನಣ್ಣ ಗಾಡಿಯಲ್ಲಿ ರಾಗಿ ಚೀಲ ತರುತ್ತಿದ್ದ, ಹಿಂದಿರುಗುವಾಗ ಭತ್ತವನ್ನೂ ಬೆಲ್ಲವನ್ನೂ ಒಯ್ಯುತ್ತಿದ್ದ. ಚೀಲದಲ್ಲಿ ರಾಗಿ ಬರುತ್ತಿತ್ತು. ಗಣಿಕೆ, ಅಣ್ಣೆ, ಹುಚ್ಚೆಳ್ಳು ಚೀಲದಲ್ಲಿ ಬರುತ್ತಿರಲಿಲ್ಲ. ನೀರು ನಿಂತ ಗದ್ದೆಯಲ್ಲಿ ಅವು ಹುಟ್ಟುವುದೂ ಇಲ್ಲ. ನಿಧಾನಕ್ಕೆ ಮುದ್ದೆಯ ಜೊತೆ ಅಂಗಡಿ ಬೇಳೆಯ ತಿಳಿಸಾರು ಬಂತು, ವಾರಕ್ಕೊಮ್ಮೆ ಸಂತೆಯ ಸೊಪ್ಪು ಬಂತು.

ಒಣಸೀಮೆಯಲ್ಲಿ ಅಕ್ಕಡಿ ಹೋದದ್ದು ಬೇರೆ ಬಗೆಯಲ್ಲಿ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ನಮ್ಮಲ್ಲಿಗೆ ಬಂದ ರಾಗಿಯನ್ನು ಅವರು ಮತ್ತೆ ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಳುವರಿ ಏರಿತು. ಆ ತಳಿಗಳಿಲ್ಲದಿದ್ದರೆ ಅಕ್ಕಿಯ ಮುಂದೆ ರಾಗಿ ಇಷ್ಟು ನಿಲ್ಲುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಆದರೆ ಆ ಕಾಲದಲ್ಲಿ ಎಲ್ಲ ಬೆಳೆಗೂ ಒಂದೇ ಲೆಕ್ಕ ಬಂತು: ಎಕರೆಗೆ ಎಷ್ಟು ಚೀಲ. ಅಕ್ಕಡಿಯ ಕಾಳು, ಮಡಿಲ ಸೊಪ್ಪು ಆ ಲೆಕ್ಕಕ್ಕೆ ಸಿಗಲಿಲ್ಲ. ಹೆಂಗಸರ ಕೈಯ ಬೆಳೆ ಯಾರ ಪುಸ್ತಕಕ್ಕೂ ಏರಲಿಲ್ಲ. ಮುಂದೆ ಟ್ರ್ಯಾಕ್ಟರ್ ಬಿತ್ತನೆ, ಕುಯ್ಯುವ ಯಂತ್ರ ಬಂದವು. ಯಂತ್ರಕ್ಕೆ ಹೊಲವೆಲ್ಲ ಒಂದೇ ಬೆಳೆ ಬೇಕು, ನಡುವೆ ತೊಗರಿ ಗಿಡ ನಿಂತರೆ ಅಡ್ಡಿ. ಕೂಲಿಯವರು ಬೆಂಗಳೂರು ಸೇರಿದರು, ಕಳೆನಾಶಕ ಬಂತು. ಬೆರಕೆ ಸೊಪ್ಪಿಗೆ ಅದೇ ಕೊನೆಯ ಪೆಟ್ಟು. ಔಷಧಿ ಹೊಡೆದ ಹೊಲದಲ್ಲಿ ಒಂದು ಪಕ್ಷ ಸೊಪ್ಪು ಉಳಿದರೂ ಅದನ್ನು ಚಿವುಟಿ ಮಕ್ಕಳಿಗೆ ಬಡಿಸುವ ಧೈರ್ಯ ಯಾವ ತಾಯಿಗೆ ಬಂದೀತು?

ಗೌರವವೇನೋ ರಾಗಿಗೆ ತಿರುಗಿ ಬಂದಿದೆ. ನಮ್ಮ ದೇಶ 2018ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು, 2023ನ್ನು ವಿಶ್ವಸಂಸ್ಥೆಯೇ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಹಳೇ ಮೈಸೂರಿನ ಪಡಿತರ ಅಂಗಡಿಯಲ್ಲೂ ರಾಗಿ ಸಿಗುತ್ತದೆ. ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ರಾಗಿ ಮಾಲ್ಟು ಎಲ್ಲ ಬಂದಿವೆ. ಇಷ್ಟರಲ್ಲಿ ಅವರೆ ಸಾಲನ್ನು ನೆನೆದವರು ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮಾತ್ರ ಮಳೆಯಾಶ್ರಿತ ರಾಗಿಗೆ ಎಂಟು ಸಾಲಿಗೆ ಎರಡು ಸಾಲು ತೊಗರಿ ಬಿತ್ತಿರೆಂದು ಹೇಳಿಕೊಂಡು ಬಂದಿದೆ. ಅದು ಅಕ್ಕಡಿಯೇ. ಆ ಮಾತು ಹೊಲಕ್ಕೆ ಇನ್ನೂ ಸಾಕಷ್ಟು ಮುಟ್ಟಿಲ್ಲ.

ಆದ್ದರಿಂದ ಊಟ ಸುಧಾರಿಸಿಕೊಳ್ಳಬೇಕೆಂದು ರಾಗಿ ಕೊಳ್ಳುತ್ತಿರುವವರಲ್ಲಿ ನನ್ನ ಬೇಡಿಕೆ ಇಷ್ಟು. ಹಿಟ್ಟಿನ ಜೊತೆ ಅವರೆಯೋ ಹುರುಳಿಯೋ ತನ್ನಿ, ಹುಚ್ಚೆಳ್ಳು ತಂದು ಹುರಿದು ಚಟ್ನಿಪುಡಿ ಮಾಡಿಡಿ. ಬೆಳಗ್ಗೆ ಸೊಪ್ಪು ಮಾರಲು ಬರುವ ಅಮ್ಮನನ್ನು ಪಾಲಕ್ ಬದಲು ಬೆರಕೆ ಸೊಪ್ಪು ಕೇಳಿ. ಕೇಳುವವರಿದ್ದರೆ ಅವರು ತಂದೇ ತರುತ್ತಾರೆ. ಔಷಧಿ ಹೊಡೆಯದ ಹೊಲದ್ದೇ ಎಂದು ವಿಚಾರಿಸಿಕೊಳ್ಳಿ. ಗುರುತು ಗೊತ್ತಿಲ್ಲದ ಸೊಪ್ಪನ್ನು ನೀವೇ ಕಿತ್ತು ತಿನ್ನಬೇಡಿ. ಬಸ್ಸಾರು ಮಾಡಿ, ಕಟ್ಟು ಚೆಲ್ಲಬೇಡಿ. ಹೊಲ ಇರುವವರು ಬರುವ ಮುಂಗಾರಿಗೆ ಅಕ್ಕಡಿಗೆಂದು ಎರಡು ಸಾಲು ಬಿಡಿ, ಒಂದು ಮೂಲೆಯನ್ನಾದರೂ ಔಷಧಿ ಸೋಕದಂತೆ ಕಾಯಿರಿ. ಸೊಗಡವರೆಯ ಬೀಜವನ್ನು ಬೂದಿ ಬೆರೆಸಿ ಕಟ್ಟಿಟ್ಟ ಅಜ್ಜಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಈ ವರ್ಷವೇ ಹೋಗಿ ಕೇಳಿ.