ಸೌತಾಲ್‌ನ ಮಕ್ಕಳು ಹತ್ತಿದ ಬಸ್ಸು



ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೂ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲಿ ಸೌತಾಲ್ ಎಂಬ ಉಪನಗರವಿದೆ. ಅಲ್ಲಿನ ರೈಲು ನಿಲ್ದಾಣದ ಫಲಕದಲ್ಲಿ ಇಂಗ್ಲಿಷಿನ ಜೊತೆಗೆ ಪಂಜಾಬಿಯೂ ಇದೆ. ಗಡಿನಾಡಿನಲ್ಲಿ ಬೆಳೆದ ನಮಗೆ, ಒಂದೇ ಫಲಕದಲ್ಲಿ ಎರಡು ಲಿಪಿ ಇರುವುದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಕಾರ್ಖಾನೆಗಳಿಗೆ ಕೆಲಸಗಾರರು ಸಾಲದಾದರು. 1948ರ ಪೌರತ್ವ ಕಾನೂನಿನಂತೆ ಭಾರತದವರೂ ಅಲ್ಲಿಗೆ ಹೋಗಿ ನೆಲೆಸಬಹುದಿತ್ತು. 1950ರ ದಶಕದಲ್ಲಿ ಪಂಜಾಬಿನ ಹಳ್ಳಿಗಳಿಂದ ಬಂದ ಗಂಡಸರು ಸೌತಾಲ್ ಸುತ್ತಿನ ರಬ್ಬರ್ ಕಾರ್ಖಾನೆಯಂಥ ಕಡೆ ದುಡಿದರು. ಒಂದೊಂದು ಮನೆಯಲ್ಲಿ ಹತ್ತಾರು ಜನ ಇರುತ್ತಿದ್ದರು. 1957ರಲ್ಲಿ ಅವರು ಭಾರತೀಯ ಕಾರ್ಮಿಕರ ಸಂಘವನ್ನು ಕಟ್ಟಿಕೊಂಡರು. 1962ರಲ್ಲಿ ವಲಸೆಗೆ ಕಡಿವಾಣ ಹಾಕುವ ಕಾನೂನು ಬಂತು. ಆ ಹೊತ್ತಿಗೆ ಹೆಂಡತಿ ಮಕ್ಕಳೂ ಬರತೊಡಗಿದ್ದರು. ದುಡಿದು ಹಿಂದಿರುಗುವ ಜಾಗ ಹೀಗೆ ಊರಾಯಿತು.

ಕಾರ್ಖಾನೆಗೆ ಕೈಗಳು ಬೇಕಿದ್ದವು, ಆದರೆ ಶಾಲೆಗೆ ಆ ಕೈಗಳ ಮಕ್ಕಳು ಬಂದಾಗ ತಕರಾರು ಎದ್ದಿತು. 1963ರಲ್ಲಿ ಅಲ್ಲಿನ ಕೆಲವು ಬಿಳಿಯ ಪೋಷಕರು ವಲಸಿಗರ ಮಕ್ಕಳಿಗೆ ಬೇರೆ ತರಗತಿ ಮಾಡಿ ಎಂದು ಒತ್ತಾಯಿಸಿದರು. ಶಿಕ್ಷಣ ಸಚಿವ ಎಡ್ವರ್ಡ್ ಬಾಯ್ಲ್ ಅದಕ್ಕೆ ಒಪ್ಪಲಿಲ್ಲ. ಆದರೆ ಯಾವ ಶಾಲೆಯಲ್ಲೂ ವಲಸಿಗ ಮಕ್ಕಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂಬ ಅಭಿಪ್ರಾಯ ಸರ್ಕಾರದಲ್ಲಿ ಬೇರೂರಿತು. 1965ರಲ್ಲಿ ಅದನ್ನೇ ಸುತ್ತೋಲೆಯಾಗಿ ಹೊರಡಿಸಲಾಯಿತು.

ಹೆಚ್ಚಾದ ಮಕ್ಕಳನ್ನು ಬಸ್ಸಿನಲ್ಲಿ ದೂರದ ಶಾಲೆಗಳಿಗೆ ಸಾಗಿಸಿದರು. ಬೇಗ ಇಂಗ್ಲಿಷ್ ಕಲಿಯಲಿ, ಎಲ್ಲರೊಡನೆ ಬೆರೆಯಲಿ ಎಂಬುದು ಕೊಟ್ಟ ಕಾರಣ. ಕೇಳಲು ಚೆನ್ನಾಗಿಯೇ ಇದೆ. ಆದರೆ ಬಸ್ಸು ಹತ್ತಿದ್ದು ವಲಸಿಗರ ಮಕ್ಕಳು ಮಾತ್ರ. ಬಿಳಿಯ ಮಕ್ಕಳನ್ನು ಸೌತಾಲ್‌ಗೆ ಕರೆತರುವ ಬಸ್ಸು ಇರಲಿಲ್ಲ. ಶಾಲೆ ಬಿಟ್ಟೊಡನೆ ಹೊರಡುವ ಬಸ್ಸಿನಿಂದಾಗಿ ಸಂಜೆಯ ಆಟ ತಪ್ಪಿತು, ಆಟದಿಂದ ಬೆಳೆಯುವ ಗೆಳೆತನವೂ ತಪ್ಪಿತು. ಪಾಳಿಯಲ್ಲಿ ದುಡಿಯುವ ತಂದೆತಾಯಿಗೆ ದೂರದ ಶಾಲೆಗೆ ಹೋಗಿ ಅಧ್ಯಾಪಕರನ್ನು ಕಾಣುವುದೂ ಕಷ್ಟವಾಯಿತು. ಪೋಷಕರ ವಿರೋಧ ಬೆಳೆದು, ಈ ಪದ್ಧತಿ ನಿಲ್ಲಲು 1980ರ ದಶಕದ ಆರಂಭ ಬರಬೇಕಾಯಿತು.

ಅಷ್ಟರಲ್ಲಿ ಆ ಮಕ್ಕಳ ತಲೆಮಾರು ಯೌವನಕ್ಕೆ ಬಂದಿತ್ತು. 1976ರ ಜೂನ್‌ನಲ್ಲಿ 18 ವರ್ಷದ ವಿದ್ಯಾರ್ಥಿ ಗುರ್ದೀಪ್ ಸಿಂಗ್ ಚಗ್ಗರ್ ಬೀದಿಯಲ್ಲಿ ಇರಿತಕ್ಕೆ ಬಲಿಯಾದನು. ಆಗ ಯುವಕರು ತಮ್ಮದೇ ಸಂಘಟನೆಯನ್ನು ಕಟ್ಟಿದರು. 1979ರ ಏಪ್ರಿಲ್ 23ರಂದು, ವಲಸಿಗರನ್ನು ಹೊರಹಾಕಬೇಕೆನ್ನುತ್ತಿದ್ದ ನ್ಯಾಷನಲ್ ಫ್ರಂಟ್ ಪಕ್ಷ ಸೌತಾಲ್‌ನ ಪುರಭವನದಲ್ಲೇ ಸಭೆ ನಡೆಸಿತು. ಊರಿಗೆ ಊರೇ ಪ್ರತಿಭಟಿಸಿತು. ಅವರ ಜೊತೆ ನಿಲ್ಲಲು ಬಂದಿದ್ದ, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಶಿಕ್ಷಕ ಬ್ಲೇರ್ ಪೀಚ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಹೊಡೆದದ್ದು ಬಹುತೇಕ ಖಚಿತವಾಗಿ ಒಬ್ಬ ಪೊಲೀಸನೇ ಎಂದಿದ್ದ ಪೊಲೀಸರ ಒಳವರದಿ ಹೊರಬಂದದ್ದು 2010ರಲ್ಲಿ. ಆ ಸಾವಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಇಂದು ಸೌತಾಲ್‌ನಲ್ಲಿ ಬ್ಲೇರ್ ಪೀಚ್ ಹೆಸರಿನ ಪ್ರಾಥಮಿಕ ಶಾಲೆಯೊಂದಿದೆ. ಒಂದು ಕಾಲದಲ್ಲಿ ಮಕ್ಕಳನ್ನು ಹೊರಗೆ ಸಾಗಿಸಿದ ಊರು, ತನ್ನ ಶಾಲೆಗೆ ತನ್ನವರ ಪರ ನಿಂತವನ ಹೆಸರನ್ನಿಟ್ಟಿದೆ.

ಬೆರೆತು ಬಾಳಬೇಕೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಬೆರೆಯುವ ಹೊರೆಯನ್ನು ಯಾರ ಹೆಗಲಿಗೆ ಹಾಕುತ್ತೇವೆ? ಕಟ್ಟಡ ಕೆಲಸಕ್ಕೆ, ತೋಟದ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರ ಮಕ್ಕಳು ಇಂದು ನಮ್ಮ ಶಾಲೆಗಳಲ್ಲೂ ಕೂತಿದ್ದಾರೆ. ಅವರು ನಮ್ಮ ಭಾಷೆ ಕಲಿಯುವ ಮೊದಲೇ ಅವರ ಹೆಸರನ್ನಾದರೂ ಸರಿಯಾಗಿ ಕರೆಯಲು ನಾವು ಕಲಿಯಬಹುದಲ್ಲವೇ?